ಹರಕೆಯ ಲೆಕ್ಕ

1994ರ ಜುಲೈ. ಸಾಗರದಲ್ಲಿ ಆಷಾಢದ ಮಳೆ ಹಿಡಿದು ಕೂತಿತ್ತು. ತವರಿಗೆ ಹೋಗಿದ್ದ ನಾನು ಒಣಗದ ಬಟ್ಟೆಗಳನ್ನು ಬಚ್ಚಲೊಲೆಯ ಹತ್ತಿರ ಹರವುತ್ತಿದ್ದೆ. ಅಮ್ಮ ಪತ್ರಿಕೆ ಹಿಡಿದುಕೊಂಡು ಬಂದಳು. ಅವಳು ಪತ್ರಿಕೆಯಲ್ಲಿ ನೋಡುತ್ತಿದ್ದದ್ದು ಪಂಚಾಂಗದ ಮೂಲೆ ಮತ್ತು ಸತ್ತವರ ಚಿತ್ರಗಳು. ಅವತ್ತು ಆಟದ ಪುಟ ಬಿಡಿಸಿ ಹಿಡಿದಿದ್ದಳು.

"ಈ ಹುಡುಗ ಯಾರೇ? ಜುಟ್ಟು ಬಿಟ್ಟಿದಾನಲ್ಲ, ಯಾವ ಮಠದವನು? ಪಾಪ, ಯಾರನ್ನ ಕಳಕೊಂಡಿದಾನೋ ಏನೋ."

ಆ ಚಿತ್ರವನ್ನು ನಿಮ್ಮಲ್ಲೂ ಕೆಲವರು ನೋಡಿರುತ್ತೀರಿ. ಹತ್ತನೇ ನಂಬರಿನ ಅಂಗಿ ತೊಟ್ಟವನೊಬ್ಬ ಸೊಂಟದ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ನಿಂತಿದ್ದಾನೆ. ಹಿಂದೆ ಎದುರಾಳಿ ತಂಡದ ಗೋಲ್‌ಕೀಪರ್ ಸಂಭ್ರಮಿಸುತ್ತಿದ್ದಾನೆ. ಇವನಿಗೆ ಅದು ಕೇಳಿಸುತ್ತಿರುವಂತಿಲ್ಲ. ನನ್ನ ತಮ್ಮ, ಕಾಲೇಜಿನಲ್ಲಿ ಚೆಂಡು ಒದ್ದುಕೊಂಡಿದ್ದವನು, ಮಧ್ಯಾಹ್ನ ಬ್ಯಾಂಕಿನಿಂದ ಊಟಕ್ಕೆ ಬಂದಾಗ ಅದನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ. "ಇಟಲಿಯವನು ಅಮ್ಮ, ರಾಬರ್ಟೊ ಬಾಜಿಯೊ ಅಂತ. ಬುದ್ಧನ ಕಡೆಯವನು" ಎಂದ. ಅಮ್ಮನ ಮುಖ ಗಂಟಾಯಿತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬುದ್ಧನ ಹೆಸರು ಎತ್ತುವ ಹಾಗಿರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಕಳೆದ ಬೇಸಿಗೆಯಲ್ಲಿ ತಮ್ಮನ ಮನೆಯಲ್ಲಿದ್ದಾಗ ಅವನ ಮಗಳು ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಚಿತ್ರ ಹಚ್ಚಿದಳು. "ಅಪ್ಪನ ಬೀರುವಿನಲ್ಲಿದ್ದವನ ಸಿನಿಮಾ ಅತ್ತೆ, ನೋಡಿ" ಎಂದಳು. 2021ರ ಮೇ ತಿಂಗಳಲ್ಲಿ ಬಂದ ಇಟಲಿಯ ಚಿತ್ರ. 'ಇಲ್ ದಿವಿನ್ ಕೊದಿನೊ' ಅಂದರೆ ದೇವರ ಜುಟ್ಟು. ಅಮ್ಮ ಇದ್ದಿದ್ದರೆ ಹೆಸರಿಗಾದರೂ ಒಪ್ಪುತ್ತಿದ್ದಳು. ನಿರ್ದೇಶಕಿ ಲೆಟಿಜಿಯಾ ಲಮಾರ್ತಿರೆ. ಬಾಜಿಯೊ ಪಾತ್ರದಲ್ಲಿ ಆಂದ್ರೆಯಾ ಆರ್ಕಾಂಜೆಲಿ. ಬಾಜಿಯೊಗೆ ಈಗ ಅರವತ್ತರ ಆಸುಪಾಸು. ಆದರೂ ಅಮ್ಮ 'ಹುಡುಗ' ಎಂದುಬಿಟ್ಟದ್ದರಿಂದ ನನ್ನ ಬಾಯಲ್ಲಿ ಏಕವಚನವೇ ಬರುತ್ತದೆ, ಕ್ಷಮಿಸಿ.

ಚಿತ್ರ ಕೆಟ್ಟದಾಗಿದೆ ಎಂದು ಹೇಳಲಾರೆ. ಒಂದೂವರೆ ಗಂಟೆ ಹೋದದ್ದು ಗೊತ್ತಾಗುವುದಿಲ್ಲ. ಆರ್ಕಾಂಜೆಲಿಯ ಮುಖದಲ್ಲಿ ಒಂದು ಸಂಕೋಚವಿದೆ, ಅದು ಆ ಪತ್ರಿಕೆಯ ಚಿತ್ರದಲ್ಲಿದ್ದ ಸಂಕೋಚವೇ. ಅಪ್ಪನ ಪಾತ್ರ ಮಾಡಿದ ಆಂದ್ರೆಯಾ ಪೆನ್ನಾಕಿಯಂತೂ ನಮ್ಮ ಕಡೆಯ ಅಪ್ಪಂದಿರ ಪಡಿಯಚ್ಚು. ಮಗನ ಮೇಲೆ ಜೀವ ಇಟ್ಟುಕೊಂಡವನು, ಆದರೆ ಒಂದು ಒಳ್ಳೆಯ ಮಾತು ಆಡಿದರೆ ಎಲ್ಲಿ ಮಗ ಕೆಟ್ಟುಹೋಗುತ್ತಾನೋ ಎಂದು ಬಾಯಿ ಬಿಗಿದುಕೊಂಡಿರುವವನು. ಆ ಮೌನವನ್ನು ನೋಡುವಾಗ ನನಗೆ ನಮ್ಮಪ್ಪ ನೆನಪಾದ. ಆದರೂ ಚಿತ್ರ ಮುಗಿದಾಗ ಮನಸ್ಸು ತುಂಬಲಿಲ್ಲ. ಯಾಕೆ ತುಂಬಲಿಲ್ಲ ಎಂದು ಯೋಚಿಸುತ್ತ ಹೋದ ಹಾಗೆ ನಾನು ಎಂದೋ ಬರೆದ ಒಂದು ಕಾಗದ ಅಡ್ಡ ಬಂತು.

ಮೊದಲು ಅವನ ಕತೆ. ಬಾಜಿಯೊ ಹುಟ್ಟಿದ್ದು 1967ರ ಫೆಬ್ರವರಿಯಲ್ಲಿ, ಉತ್ತರ ಇಟಲಿಯ ವಿಚೆಂಜಾ ಪಟ್ಟಣದ ಪಕ್ಕದ ಕಾಲ್ದೊನ್ಯೊ ಎಂಬ ಹಳ್ಳಿಯಲ್ಲಿ. ಎಂಟು ಮಕ್ಕಳಲ್ಲಿ ಆರನೆಯವನು. ಅಪ್ಪ ಫಿಯೊರಿಂದೊ, ಅಮ್ಮ ಮತಿಲ್ದೆ. ಅಪ್ಪನಿಗೆ ಫುಟ್‌ಬಾಲಿಗಿಂತ ಸೈಕಲ್ ಪಂದ್ಯದ ಹುಚ್ಚು ಹೆಚ್ಚು. ಇನ್ನೊಬ್ಬ ಮಗನಿಗೆ ಬೆಲ್ಜಿಯಮ್ಮಿನ ಸೈಕಲ್ ವೀರ ಎಡ್ಡಿ ಮರ್ಕ್ಸ್‌ನ ಹೆಸರನ್ನೇ ಇಟ್ಟವನು. ಹುಡುಗ ಊರ ತಂಡದಿಂದ ವಿಚೆಂಜಾ ತಂಡಕ್ಕೆ ಹೋದ. 1985ರಲ್ಲಿ, ಹದಿನೆಂಟು ತುಂಬಿದ್ದೇ ಫ್ಲಾರೆನ್ಸ್ ನಗರದ ಫಿಯೊರೆಂತಿನಾ ಅವನನ್ನು ಕೊಂಡುಕೊಳ್ಳುವ ಮಾತಾಯಿತು. ಅದೇ ಮೇ ತಿಂಗಳಲ್ಲಿ ಒಂದು ಪಂದ್ಯದಲ್ಲಿ ಬಲ ಮೊಣಕಾಲು ಚಿಂದಿಯಾಯಿತು. ಫ್ರಾನ್ಸಿನ ಸೇಂಟ್ ಎತಿಯೆನ್ ಎಂಬ ಊರಿಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು. ಇನ್ನೂರಕ್ಕೂ ಹೆಚ್ಚು ಹೊಲಿಗೆ. ನೋವಿನ ಔಷಧಿ ಅವನ ಮೈಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ನೋವನ್ನು ನೋವಾಗಿಯೇ ಅನುಭವಿಸಬೇಕಾಯಿತು. ಫಿಯೊರೆಂತಿನಾದವರು ಮಾತ್ರ ಆಡಿದ ಮಾತಿಗೆ ತಪ್ಪಲಿಲ್ಲ. ಕುಂಟುತ್ತಿದ್ದ ಹುಡುಗನನ್ನೇ ಕರೆದುಕೊಂಡು ಹೋದರು.

ಫ್ಲಾರೆನ್ಸಿನಲ್ಲಿ ಸಂಗೀತದ ಕ್ಯಾಸೆಟ್, ರೆಕಾರ್ಡುಗಳ ಅಂಗಡಿಯಿಟ್ಟಿದ್ದ ಗೆಳೆಯನೊಬ್ಬ ಅವನಿಗೆ ಬೌದ್ಧ ಧರ್ಮದ ಪರಿಚಯ ಮಾಡಿಸಿದ. 1988ರ ಹೊಸ ವರ್ಷದ ದಿನ ಇವನು ಜಪಕ್ಕೆ ಕೂತ. ಹದಿಮೂರನೆಯ ಶತಮಾನದ ಜಪಾನಿನ ಸಂನ್ಯಾಸಿ ನಿಚಿರೆನ್ ಹಾಕಿಕೊಟ್ಟ ದಾರಿ, ಅದನ್ನು ನಡೆಸಿಕೊಂಡು ಬಂದ ಸೋಕಾ ಗಕ್ಕಾಯಿ ಎಂಬ ಗೃಹಸ್ಥರ ಸಂಘ. 'ನಮ್ ಮ್ಯೊಹೊ ರೆಂಗೆ ಕ್ಯೊ' ಎಂದು ಬೆಳಿಗ್ಗೆ ಸಂಜೆ ಮನೆಯಲ್ಲೇ ಕೂತು ಹೇಳುವುದು. ಕೇಳಲು ಪರದೇಶಿಯಾಗಿದ್ದರೂ ಮೊದಲಿನ 'ನಮ್' ನಮ್ಮ 'ನಮಃ'. ಉಳಿದದ್ದು 'ಸದ್ಧರ್ಮ ಪುಂಡರೀಕ' ಎಂಬ ಸಂಸ್ಕೃತ ಸೂತ್ರದ ಹೆಸರಿನ ಜಪಾನಿ ರೂಪ. ಪುಂಡರೀಕವೆಂದರೆ ಬಿಳಿಯ ತಾವರೆ. ಇದು ಭಾರತದಿಂದ ಚೀನಾಕ್ಕೆ, ಅಲ್ಲಿಂದ ಜಪಾನಿಗೆ ನಡೆದು, ಕೊನೆಗೆ ಇಟಲಿಯ ಒಬ್ಬ ಕುಂಟುತ್ತಿದ್ದ ಹುಡುಗನ ಬಾಯಿಗೆ ಬಂದು ಕೂತದ್ದನ್ನು ನೆನೆದರೆ ನನಗೆ ಸೋಜಿಗವಾಗುತ್ತದೆ.

ಚಿತ್ರದಲ್ಲಿ ಈ ಭಾಗ ಒಂದೆರಡು ದೃಶ್ಯಗಳಲ್ಲಿ ಮುಗಿಯುತ್ತದೆ. ಹುಡುಗ ನೊಂದಿದ್ದಾನೆ, ಗೆಳೆಯ ಬರುತ್ತಾನೆ, ಮಂತ್ರ ಕೊಡುತ್ತಾನೆ, ಹುಡುಗ ಚೇತರಿಸಿಕೊಳ್ಳುತ್ತಾನೆ. ಜ್ವರಕ್ಕೆ ಮಾತ್ರೆ ಕೊಟ್ಟ ಹಾಗೆ. ನನ್ನ ಮೊದಲ ತಕರಾರು ಇಲ್ಲೇ. ಒಂದು ಮನೆಯಲ್ಲಿ ಒಬ್ಬರು ಮಿಕ್ಕವರ ದೇವರನ್ನು ಬಿಟ್ಟು ಬೇರೆ ಕಡೆ ತಿರುಗಿ ಕೂರುವುದೆಂದರೆ ಏನೆಂದು ಈ ಚಿತ್ರ ಮಾಡಿದವರಿಗೆ ಗೊತ್ತಿಲ್ಲವೆ? ಬಾಜಿಯೊ ಹುಟ್ಟಿದ್ದು ಕ್ಯಾಥೊಲಿಕ್ ಮನೆಯಲ್ಲಿ. ಎಂಟು ಮಕ್ಕಳನ್ನು ಹೆತ್ತು, ಭಾನುವಾರ ಭಾನುವಾರ ಚರ್ಚಿಗೆ ಹೋಗುವ ತಾಯಂದಿರ ಸೀಮೆ ಅದು. ಅಂಥ ಮನೆಯ ಮಗ ಜಪಾನಿ ಅಕ್ಷರಗಳ ಒಂದು ಸುರುಳಿಯ ಮುಂದೆ ಕೂತು ಗಟ್ಟಿಯಾಗಿ ಜಪ ಮಾಡಿದಾಗ ಒಳಗಿನ ಕೋಣೆಯಲ್ಲಿದ್ದ ಮತಿಲ್ದೆ ಏನು ಮಾಡುತ್ತಿದ್ದಳು? ಚಿತ್ರಕ್ಕೆ ಆ ಕುತೂಹಲವೇ ಇಲ್ಲ.

ನನಗೆ ಇದೆ. ಯಾಕೆಂದರೆ ನಾನು ಅಂಥ ಒಳಗಿನ ಕೋಣೆಯನ್ನು ನೋಡಿದ್ದೇನೆ.

1990ರಲ್ಲಿ ತಮ್ಮ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ. ಮೂರು ತಿಂಗಳು ಪ್ಲಾಸ್ಟರು. ಹಾಸಿಗೆಯಲ್ಲಿ ಮಲಗಿ ಯಾರೋ ತಂದುಕೊಟ್ಟ ಪುಸ್ತಕಗಳನ್ನೆಲ್ಲ ಓದಿದ. ಕಾಲು ಸರಿಯಾದ ಮೇಲೆ ರಜೆ ಹಾಕಿ ಮಹಾರಾಷ್ಟ್ರದ ಇಗತಪುರಿಗೆ ಹೋಗಿ ಹತ್ತು ದಿನ ಮಾತಿಲ್ಲದೆ ಕೂತು ವಿಪಶ್ಯನ ಕಲಿತು ಬಂದ. ಬಂದವನು ಅಮ್ಮನಿಗೆ ಸಮಾಧಾನವಾಗಿಯೇ ಹೇಳಿದ: "ಇನ್ನು ಮೇಲೆ ನಾನು ಪೂಜೆಗೆ ಕೂರಲ್ಲ ಅಮ್ಮ. ಸುಮ್ಮನೆ ಕೂರ್ತೀನಿ." ಇಗತಪುರಿಯವರು ಯಾರಿಗೂ ಪೂಜೆ ಬಿಡಿ ಎಂದು ಹೇಳುವುದಿಲ್ಲವಂತೆ. ಅದು ಇವನದೇ ತೀರ್ಮಾನ.

ಸುಮ್ಮನೆ ಕೂರುವುದು! ಅಮ್ಮನಿಗೆ ಅರ್ಥವಾಗದ್ದು ಅದೇ. ಜಗಳ ಮಾಡಿದ್ದರೆ, ದೇವರಿಲ್ಲ ಎಂದು ಕೂಗಾಡಿದ್ದರೆ ಅವಳು ಸಹಿಸುತ್ತಿದ್ದಳೋ ಏನೋ. ಅಪ್ಪ ಹೋದ ಮೇಲೆ ದೇವರ ದೀಪ ಹಚ್ಚುವ ಗಂಡುಮಗ ಅವನೊಬ್ಬನೇ. ಅವನು ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂರುವುದು, ಎರಡು ಮಾರು ಆಚೆ ದೇವರ ಮನೆಯಲ್ಲಿ ಇವಳು ಎಂದಿಗಿಂತ ಜೋರಾಗಿ ಗಂಟೆ ಬಾರಿಸುವುದು. ಚೌತಿಯ ದಿನ ಪಕ್ಕದ ಮನೆಯ ಹುಡುಗನನ್ನು ಕರೆದು ಗಣಪತಿ ಇಡಿಸಿದಳು. ಅವತ್ತು ಅವಳು ಊಟ ಮಾಡಲಿಲ್ಲ. ಮಗನೂ ಮಾಡಲಿಲ್ಲ. ಮಾಡಿದ ಕಡುಬು ಪಾತ್ರೆಯಲ್ಲೇ ಉಳಿಯಿತು.

ನಾನು ದಾವಣಗೆರೆಯಲ್ಲಿದ್ದು ಇದನ್ನೆಲ್ಲ ಕಾಗದದಲ್ಲಿ ಓದಿ ಕುದಿಯುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಬ್ಯಾಂಕಿನಲ್ಲಿ ಅವನಿಗೆ ಆಫೀಸರ್ ಆಗುವ ಸರದಿ ಬಂದಿತ್ತು. ಇವನು ಬೇಡವೆಂದು ಬರೆದುಕೊಟ್ಟಿದ್ದ. ಆಫೀಸರ್ ಆದರೆ ದೇಶದ ಯಾವ ಮೂಲೆಗಾದರೂ ವರ್ಗವಾಗಬಹುದು. ಗುಮಾಸ್ತನಾಗಿದ್ದರೆ ಊರಲ್ಲೇ ಇರಬಹುದು. 1993ರಲ್ಲಿ ನಾನು ಅವನಿಗೊಂದು ಕಾಗದ ಬರೆದೆ. ಅಕ್ಕ ಎಂಬ ಅಧಿಕಾರದಲ್ಲಿ ಬರೆದದ್ದು. ಅದರಲ್ಲಿ ಒಂದು ಸಾಲು ನನಗೆ ಈಗಲೂ ಬಾಯಿಪಾಠವಿದೆ: "ಕಣ್ಣು ಮುಚ್ಚಿ ಕೂತು ನಿನಗೆ ಸಿಕ್ಕಿದ್ದೇನು? ಬರುವ ಬಡ್ತಿಯೂ ಹೋಯಿತು, ಅಮ್ಮನ ನೆಮ್ಮದಿಯೂ ಹೋಯಿತು." ಅವನು ಉತ್ತರ ಬರೆಯಲಿಲ್ಲ.

ಈಗ ಚಿತ್ರಕ್ಕೆ ಬರುತ್ತೇನೆ. ಇಡೀ ಕತೆಯನ್ನು ಹೊಲಿದಿರುವ ದಾರ ಒಂದು ಮಾತು. 1970ರ ವಿಶ್ವಕಪ್ ಫೈನಲಿನಲ್ಲಿ ಬ್ರೆಜಿಲ್ ಇಟಲಿಯನ್ನು ನಾಲ್ಕು ಒಂದರಿಂದ ಸೋಲಿಸಿತು. ಆಗ ಮೂರು ವರ್ಷದ ರಾಬರ್ಟೊ, ದೊಡ್ಡವನಾದ ಮೇಲೆ ಬ್ರೆಜಿಲನ್ನು ಸೋಲಿಸಿ ಕಪ್ ತಂದುಕೊಡುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟನಂತೆ. ಇಪ್ಪತ್ತನಾಲ್ಕು ವರ್ಷಗಳ ನಂತರ ಅದೇ ಬ್ರೆಜಿಲ್, ಅದೇ ಫೈನಲ್. ಕತೆಗಾರರಿಗೆ ಇದಕ್ಕಿಂತ ಏನು ಬೇಕು? ನಮ್ಮಲ್ಲಿ ಇದಕ್ಕೆ ಸರಿಯಾದ ಶಬ್ದವಿದೆ: ಹರಕೆ. ಚಿತ್ರ ಬಾಜಿಯೊನನ್ನು ಹರಕೆ ತೀರಿಸಲಾರದೆ ಹೋದ ಮಗನನ್ನಾಗಿ ಮಾಡಿದೆ.

ಹರಕೆಯ ವಿಷಯ ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿಗೆ ಜ್ವರ ಬಂದರೆ ನಾವು ಹರಸಿಕೊಳ್ಳುತ್ತೇವೆ, ಮುಡಿ ಕೊಡಬೇಕಾದದ್ದು ಮಗು. ಮೂರು ವರ್ಷದ ಕೂಸಿನ ಬಾಯಲ್ಲಿ ಆ ಮಾತನ್ನು ಇಟ್ಟವರು ಯಾರು ಎಂದು ನಾನು ಚಿತ್ರದುದ್ದಕ್ಕೂ ಕೇಳಿಕೊಳ್ಳುತ್ತಿದ್ದೆ. ಅದು ಹೋಗಲಿ. ನನಗೆ ಕಸಿವಿಸಿಯಾದದ್ದು ಬೇರೆ. ಜೀವನವೇ ಒಂದು ಹರಕೆಯಾದರೆ ಆಗ ಜಪಕ್ಕೂ ಅದೇ ಗತಿ. ಇಷ್ಟು ಜಪ ಮಾಡಿದೆ, ಕಪ್ ಬಂತೆ? ಬರಲಿಲ್ಲ. ಹಾಗಾದರೆ ಜಪದಿಂದ ಸಿಕ್ಕಿದ್ದೇನು? ಚಿತ್ರ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಅದರ ಕಟ್ಟಡವೆಲ್ಲ ನಿಂತಿರುವುದು ಅದರ ಮೇಲೆ. ನಾನು ತಮ್ಮನಿಗೆ ಬರೆದದ್ದೂ ಅದನ್ನೇ ಅಲ್ಲವೆ?

ಆ ಒಂದು ಒದೆತದ ಲೆಕ್ಕವನ್ನಾದರೂ ಸರಿಯಾಗಿ ಹಾಕೋಣ. 1994ರ ಜುಲೈ 17, ಅಮೆರಿಕದ ಪಾಸಡೀನಾ, ಉರಿಬಿಸಿಲು. ನೂರಿಪ್ಪತ್ತು ನಿಮಿಷ ಆಡಿದರೂ ಒಂದು ಗೋಲೂ ಇಲ್ಲ. ಪುರುಷರ ವಿಶ್ವಕಪ್ ಫೈನಲೊಂದು ಪೆನಾಲ್ಟಿ ಒದೆತಗಳಲ್ಲಿ ತೀರ್ಮಾನವಾದದ್ದು ಅದೇ ಮೊದಲು. ಹನ್ನೊಂದು ಮೀಟರ್ ದೂರದಿಂದ, ಗೋಲ್‌ಕೀಪರ್ ಒಬ್ಬನನ್ನು ಎದುರಿಟ್ಟುಕೊಂಡು ಒದೆಯುವುದು, ಕಡೆಗೆ ಐದೈದು ಸಲ. ಇಟಲಿಯ ಕಡೆಯಿಂದ ಮೊದಲು ತಪ್ಪಿದವನು ನಾಯಕ ಬರೇಸಿ. ಅವನು ಅದೇ ಪಂದ್ಯಾವಳಿಯ ನಡುವೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂರೂವರೆ ವಾರದಲ್ಲಿ ಎದ್ದು ಬಂದಿದ್ದ. ನಾಲ್ಕನೆಯವನಾದ ಮಸ್ಸಾರೊನ ಚೆಂಡನ್ನು ಗೋಲ್‌ಕೀಪರ್ ತಡೆದ. ಐದನೆಯವನು ಬಾಜಿಯೊ, ತೊಡೆಯ ಸ್ನಾಯು ಹಿಡಿದುಕೊಂಡಿದ್ದರೂ ಆಡಿದವನು. ಚೆಂಡು ಗೋಲುಗಂಬದ ಮೇಲಿನಿಂದ ಆಕಾಶಕ್ಕೆ ಹೋಯಿತು. ಅದು ಒಳಗೆ ಹೋಗಿದ್ದರೂ ಲೆಕ್ಕ ಮೂರಕ್ಕೆ ಮೂರಾಗುತ್ತಿತ್ತಷ್ಟೆ, ಬ್ರೆಜಿಲಿಗೆ ಇನ್ನೂ ಒಂದು ಒದೆತ ಬಾಕಿಯಿತ್ತು. ಮೇಲಾಗಿ ಇಟಲಿ ಫೈನಲಿನವರೆಗೆ ಬಂದದ್ದೇ ಇವನ ಕಾಲಿನಿಂದ: ನೈಜೀರಿಯಾದ ಮೇಲೆ ಎರಡು, ಸ್ಪೇನಿನ ಮೇಲೆ ಒಂದು, ಬಲ್ಗೇರಿಯಾದ ಮೇಲೆ ಎರಡು. ನೈಜೀರಿಯಾದ ಪಂದ್ಯದಲ್ಲಿ ಇನ್ನು ಎರಡೇ ನಿಮಿಷ ಉಳಿದಾಗ ಸೋಲು ತಪ್ಪಿಸಿದವನು ಅವನು. ಆದರೆ ಜಗತ್ತು ಇಟ್ಟುಕೊಂಡದ್ದು ಆ ಒಂದೇ ಚಿತ್ರವನ್ನು. ನಮ್ಮ ಬೀರುವಿನಲ್ಲೂ ಅದೇ ಇತ್ತು ಎನ್ನಿ.

ಚಿತ್ರದ ಎರಡನೆಯ ದೊಡ್ಡ ಕೊರತೆ ಅದು ಬಿಟ್ಟುಬಿಟ್ಟ ವರ್ಷಗಳು. ಫ್ಲಾರೆನ್ಸಿನಿಂದ ಸೀದಾ ಅಮೆರಿಕ, ಅಮೆರಿಕದಿಂದ 2000ದ ಬ್ರೆಷಾ. ನಡುವೆ ಅವನು ಆಡಿದ ಜುವೆಂಟಸ್, ಮಿಲಾನ್, ಬೊಲೊನ್ಯಾ, ಇಂಟರ್ ಹೆಚ್ಚುಕಡಿಮೆ ಮಾಯ. ಬದುಕಿನಲ್ಲಿ ಮನುಷ್ಯ ಆಯ್ಕೆ ಮಾಡುವುದು, ಅಥವಾ ಆಯ್ಕೆಯೇ ಇಲ್ಲದೆ ನಡೆದುಕೊಳ್ಳಬೇಕಾಗುವುದು ಇಂಥ ಕಡೆಗಳಲ್ಲೇ ತಾನೆ?

1990ರಲ್ಲಿ ಫಿಯೊರೆಂತಿನಾದ ಯಜಮಾನರು ಇವನನ್ನು ಬದ್ಧದ್ವೇಷಿಗಳಾದ ಜುವೆಂಟಸ್ ತಂಡಕ್ಕೆ ಮಾರಿದರು. ಆಗ ಜಗತ್ತಿನಲ್ಲೇ ಅದು ಅತಿ ದೊಡ್ಡ ಮೊತ್ತ. ಫ್ಲಾರೆನ್ಸಿನ ಜನ ಬೀದಿಗಿಳಿದು ಗಲಭೆ ಮಾಡಿದರು. ಹೋಗಲು ಇವನಿಗೂ ಮನಸ್ಸಿರಲಿಲ್ಲ. ಮರುವರ್ಷ ಏಪ್ರಿಲಿನಲ್ಲಿ ಜುವೆಂಟಸ್ಸಿನ ಅಂಗಿ ತೊಟ್ಟು ಫ್ಲಾರೆನ್ಸಿಗೆ ಆಡಲು ಬಂದ. ಇವನ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಒದೆಯಬೇಕಾದವನು ಇವನು, ಒದೆಯಲಿಲ್ಲ. ಎದುರಿನ ಗೋಲ್‌ಕೀಪರನಿಗೆ ನನ್ನ ಒದೆತದ ಗುಟ್ಟೆಲ್ಲ ಗೊತ್ತು ಎಂದು ಕಾರಣ ಕೊಟ್ಟ. ಬೇರೆಯವನು ಒದ್ದ, ಗೋಲಾಗಲಿಲ್ಲ, ಜುವೆಂಟಸ್ ಸೋತಿತು. ಆಟದ ನಡುವೆ ಇವನನ್ನು ಹೊರಗೆ ಕರೆದಾಗ ಯಾರೋ ಎಸೆದ ಫಿಯೊರೆಂತಿನಾದ ನೇರಳೆ ಬಣ್ಣದ ಶಾಲನ್ನು ಎತ್ತಿಕೊಂಡು ನಡೆದ.

ಅವನು ಕೊಟ್ಟ ಕಾರಣ ನಿಜವಿರಬಹುದು, ಆಟದ ಲೆಕ್ಕಾಚಾರ ನನಗೆ ತಿಳಿಯದು. ಆ ಶಾಲು ಮಾತ್ರ ನನಗೆ ತಿಳಿಯುತ್ತದೆ. ಹೆಸರು ಬದಲಾಗಿ, ಮನೆ ಬದಲಾಗಿ, ಇನ್ನೊಂದು ಮನೆಯ ಅನ್ನ ತಿನ್ನುವವರಿಗೆ ತವರಿನ ವಿರುದ್ಧ ಸಾಕ್ಷಿ ಹೇಳುವ ಸಂದರ್ಭ ಬಂದಾಗ ಕಾಲು ಎಳೆಯುತ್ತದೆ. ನಿರ್ದೇಶಕಿ ಹೆಣ್ಣುಮಗಳಾಗಿಯೂ ಈ ದೃಶ್ಯವನ್ನು ಹೇಗೆ ಕೈಬಿಟ್ಟಳು ಎಂದು ನನಗೆ ಆಶ್ಚರ್ಯ. ಒಂದೇ ಒಂದು ಶಾಲು ಸಾಕಿತ್ತು.

1993ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರ, ಜಗತ್ತಿನ ಶ್ರೇಷ್ಠ ಆಟಗಾರ ಎರಡೂ ಬಿರುದು ಬಂದವನು 1997ರಲ್ಲಿ ಬೊಲೊನ್ಯಾದಂಥ ಸಾಧಾರಣ ತಂಡಕ್ಕೆ ಇಳಿದು ಬಂದ. ಅಲ್ಲಿ ಜುಟ್ಟು ಕತ್ತರಿಸಿಕೊಂಡ. (ಅಮ್ಮನಿಗೆ ಇದನ್ನು ಹೇಳಲಾಗಲಿಲ್ಲ.) ಒಂದೇ ಋತುವಿನಲ್ಲಿ ಲೀಗಿನಲ್ಲಿ 22 ಗೋಲು ಹೊಡೆದು 1998ರ ವಿಶ್ವಕಪ್ಪಿಗೆ ಮತ್ತೆ ಆಯ್ಕೆಯಾದ. ಅಲ್ಲಿ ಚಿಲಿಯ ಎದುರು ಸೋಲು ಸಮೀಪಿಸಿದಾಗ ಇಟಲಿಗೊಂದು ಪೆನಾಲ್ಟಿ ಸಿಕ್ಕಿತು. ನಾಲ್ಕು ವರ್ಷ ಜಗತ್ತಿನ ಬಾಯಿಗೆ ಆಹಾರವಾದವನು ಅದೇ ಹನ್ನೊಂದು ಮೀಟರಿನ ಗುರುತಿನ ಮೇಲೆ ಚೆಂಡಿಟ್ಟು, ಒದ್ದು, ಗೋಲು ಹೊಡೆದ. ಫ್ರಾನ್ಸಿನ ಎದುರಿನ ಪಂದ್ಯ ಮತ್ತೆ ಪೆನಾಲ್ಟಿಗಳಿಗೆ ಹೋದಾಗ ಮೊದಲು ಹೋಗಿ ಒದ್ದು ಗೋಲು ಮಾಡಿದವನೂ ಇವನೇ. ಆ ಸಲವೂ ಇಟಲಿ ಸೋತಿತು. ಚೆಂಡು ತಪ್ಪಿಸಿದವರು ಬೇರೆ. ಅವನ ಜಪ ಏನು ಮಾಡಿತು ಎಂದು ಕೇಳುವವರಿಗೆ ನಾನು ತೋರಿಸುವುದಾದರೆ ಚಿಲಿಯ ಎದುರಿನ ಆ ನಿಮಿಷವನ್ನು ತೋರಿಸುತ್ತೇನೆ. ಗೋಲಾಯಿತೆಂದಲ್ಲ. ಅಲ್ಲಿ ಹೋಗಿ ನಿಂತ ಎಂಬುದಕ್ಕೆ. ಚಿತ್ರದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ, ಸಿಕ್ಕಿದ್ದರೆ ತೀರದ ಹರಕೆಯ ಕತೆ ಸಡಿಲವಾಗುತ್ತಿತ್ತು.

ಬ್ರೆಷಾದ ಭಾಗ ಚಿತ್ರದಲ್ಲಿದೆ, ಚೆನ್ನಾಗಿಯೂ ಇದೆ. 2000ದಲ್ಲಿ ಮೂವತ್ತಮೂರರ ಬಾಜಿಯೊ ಆ ಪುಟ್ಟ ತಂಡಕ್ಕೆ ಬಂದ. ಕಪ್ಪು ಗೆಲ್ಲುವ ತಂಡವಲ್ಲ. ಮೇಲಿನ ದರ್ಜೆಯಿಂದ ಕೆಳಗೆ ಬೀಳದಿದ್ದರೆ ಅದೇ ಹಬ್ಬ. ತರಬೇತುದಾರ ಕಾರ್ಲೊ ಮಾತ್ಸೋನೆ ಎಂಬ ಹಿರಿಯ, ಹುಸಿಮುನಿಸಿನ ಮನುಷ್ಯ, ಇವನನ್ನು ಮಗನಂತೆ ನೋಡಿಕೊಂಡ. 2002ರ ಜನವರಿಯಲ್ಲಿ ಇನ್ನೊಂದು ಮೊಣಕಾಲು ಹೋಯಿತು. ಎರಡೂವರೆ ತಿಂಗಳಲ್ಲಿ ಮತ್ತೆ ಮೈದಾನಕ್ಕೆ ಬಂದು, ಬಂದ ದಿನವೇ ಎರಡು ಗೋಲು ಹೊಡೆದ. ಆದರೂ ಆ ವರ್ಷದ ವಿಶ್ವಕಪ್ಪಿಗೆ ಅವನನ್ನು ಕರೆಯಲಿಲ್ಲ. ಚಿತ್ರ ಇದನ್ನು ಎರಡನೆಯ ಸೋಲಾಗಿ ತೋರಿಸುತ್ತದೆ. ಅವನಿಗೆ ಆಸೆಯಿತ್ತು, ನೋವಾಗಿದ್ದೂ ನಿಜ. ವಿರಾಗಿಯಾಗಿ ಬ್ರೆಷಾಕ್ಕೆ ಬಂದನೆಂದು ನಾನೂ ಹೇಳುವುದಿಲ್ಲ. ಆದರೆ ಆ ನೋವಾದ ಮೇಲೂ ಅವನು ಇನ್ನೆರಡು ವರ್ಷ ಅಲ್ಲೇ ಆಡಿದ ಎಂಬುದನ್ನು ಚಿತ್ರ ಬೇಗ ಬೇಗ ದಾಟಿಬಿಡುತ್ತದೆ. ಅವನಿದ್ದ ನಾಲ್ಕು ವರ್ಷವೂ ಬ್ರೆಷಾ ಕೆಳಗೆ ಬೀಳಲಿಲ್ಲ. ಅವನು ಬಿಟ್ಟ ಮರುವರ್ಷ, 2005ರಲ್ಲಿ ಬಿತ್ತು. 2004ರ ಮೇ 16ರಂದು ಮಿಲಾನಿನಲ್ಲಿ ಅವನು ಕೊನೆಯ ಪಂದ್ಯ ಆಡಿ ಹೊರಬಂದಾಗ ಎದುರಾಳಿ ತಂಡದ ಮಾಲ್ದೀನಿ ಬಂದು ಅಪ್ಪಿಕೊಂಡ, ಕ್ರೀಡಾಂಗಣವೆಲ್ಲ ಎದ್ದು ನಿಂತಿತು. ಬ್ರೆಷಾದವರು ಹತ್ತನೇ ನಂಬರಿನ ಅಂಗಿಯನ್ನು ಗೌರವಕ್ಕೆಂದು ಎತ್ತಿಟ್ಟರು.

ಇದನ್ನು ನೋಡುತ್ತಿದ್ದಾಗ ನನಗೆ ತಮ್ಮನ ಶಾಖೆ ನೆನಪಾಗುತ್ತಿತ್ತು. ಬಡ್ತಿ ಬೇಡವೆಂದವನು ಅದೇ ಊರಿನಲ್ಲಿ, ಅದೇ ಕೌಂಟರಿನ ಹಿಂದೆ ಕೂತು ಅಡಿಕೆ ಬೆಳೆಗಾರರಿಗೆ, ಪಿಂಚಣಿಯ ಮುದುಕಿಯರಿಗೆ ಚಲನ್ ತುಂಬಿಕೊಡುತ್ತ ನಿವೃತ್ತನಾದ. ಹೋಲಿಕೆ ಅತಿಯಾಯಿತು ಎಂದು ನೀವು ನಗಬಹುದು. ನನ್ನ ಮಟ್ಟಿಗೆ ಅದು ಅತಿಯಲ್ಲ.

ಹೆಂಗಸರ ವಿಷಯ ಹೇಳದೆ ಮುಗಿಸಲಾರೆ. 1989ರಲ್ಲಿ ಬಾಜಿಯೊ ಮದುವೆಯಾದ ಆಂದ್ರೆಯಿನಾ ಅವನ ಊರ ಕಡೆಯ ಹುಡುಗಿ. ಚಿತ್ರದಲ್ಲಿ ಅವಳ ಪಾತ್ರ ಮಾಡಿದ ವಲೆಂತಿನಾ ಬೆಲ್ಲೆ ಒಳ್ಳೆಯ ನಟಿ, ಆದರೆ ಮಾಡಲು ಕೆಲಸವೇನು ಕೊಟ್ಟಿದ್ದಾರೆ? ಗಂಡ ಮೌನವಾದಾಗ ನೋಡುವುದು, ಕುಸಿದಾಗ ಹಿಡಿಯುವುದು. ಒಂದರ ಮೇಲೊಂದು ಊರು ಬದಲಾದಾಗ ಪಾತ್ರೆ ಪಗಡಿ ಕಟ್ಟಿದವರು ಯಾರು, ಮಕ್ಕಳ ಶಾಲೆ ನೋಡಿದವರು ಯಾರು? ಅಪ್ಪ ಮಗನ ಮೌನಕ್ಕೆ ಅಷ್ಟು ಹೊತ್ತು ಕೊಟ್ಟ ಚಿತ್ರ ತಾಯಿಯನ್ನು ಗೋಡೆಗೆ ಒರಗಿಸಿಟ್ಟಿದೆ. ಈ ಕತೆಯಲ್ಲಿ ನಂಬಿಕೆಯ ವಿಷಯಕ್ಕೆ ನಿಜವಾಗಿ ಬೆಲೆ ತೆತ್ತವಳು ಮತಿಲ್ದೆಯೇ ಇರಬೇಕು ಎಂದು ನನ್ನ ಊಹೆ.

ಇನ್ನೊಂದು ಸಂಗತಿ ನನ್ನನ್ನು ಕಾಡಿದೆ. ಈ ಬೌದ್ಧ ಬೇಟೆಗಾರ! ಚಿಕ್ಕಂದಿನಿಂದಲೂ ಬಾತುಕೋಳಿ ಬೇಟೆಯ ಹುಚ್ಚು. ಅದಕ್ಕಾಗಿ ಅರ್ಜೆಂಟೀನಾಕ್ಕೂ ಹೋಗುತ್ತಾನೆ. ಅಹಿಂಸೆ ಎಂದರೆ ಬುದ್ಧ ಎಂದು ಶಾಲೆಯಲ್ಲಿ ಓದಿದ ನನಗೆ ಇದು ಗಂಟಲಿನಲ್ಲಿ ಇಳಿಯುವುದಿಲ್ಲ. ತಮ್ಮನನ್ನು ಕೇಳಿದರೆ ಅವನಿಗೂ ಇಳಿಯುವುದಿಲ್ಲ. ಅದೇ ಮನುಷ್ಯ 2002ರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ರಾಯಭಾರಿಯಾಗಿ ಹಸಿದವರ ಪರವಾಗಿ ಓಡಾಡಿದವನು, ಬರ್ಮಾದ ಆಂಗ್ ಸಾನ್ ಸೂ ಚಿ ಗೃಹಬಂಧನದಲ್ಲಿದ್ದಾಗ ಅವರ ಬಿಡುಗಡೆಗೆ ದನಿಗೂಡಿಸಿ 2010ರಲ್ಲಿ ನೊಬೆಲ್ ಪುರಸ್ಕೃತರ ಶೃಂಗಸಭೆಯಿಂದ ಶಾಂತಿ ಪ್ರಶಸ್ತಿ ಪಡೆದವನು. ಚಿತ್ರ ಈ ಬೇಟೆಯನ್ನೂ ಜಪವನ್ನೂ ಎದುರುಬದುರು ಕೂರಿಸಿದ್ದರೆ ನಮಗೊಬ್ಬ ಮನುಷ್ಯ ಸಿಗುತ್ತಿದ್ದ.

2001ರಲ್ಲಿ ಬಂದ ಅವನ ಆತ್ಮಕತೆಯ ಹೆಸರು 'ಊನಾ ಪೋರ್ತಾ ನೆಲ್ ಚೆಲೊ'. ಆಕಾಶದಲ್ಲೊಂದು ಬಾಗಿಲು ಎಂದರ್ಥ. ಇಟಲಿಯ ಭಾಷೆಯಲ್ಲಿ ಬಾಗಿಲಿಗೂ ಫುಟ್‌ಬಾಲಿನ ಗೋಲಿಗೂ ಒಂದೇ ಶಬ್ದವಂತೆ, ಪೋರ್ತಾ. ಪಾಸಡೀನಾದ ಆಕಾಶಕ್ಕೆ ಹೋದ ಚೆಂಡನ್ನು ಅವನೇ ಹೀಗೆ ನಕ್ಕು ಬಿಟ್ಟಿದ್ದಾನೋ ಏನೋ. ಚಿತ್ರಕ್ಕೆ ಆ ನಗು ಬಂದಿಲ್ಲ.

ಅಮ್ಮ 2006ರಲ್ಲಿ ಹೋದಳು. ಅದಕ್ಕೂ ಮೊದಲೇ, ಯಾವಾಗ ಎಂದು ಯಾರಿಗೂ ಗೊತ್ತಾಗದ ಹಾಗೆ, ನಡುಮನೆಯಲ್ಲಿ ತಮ್ಮ ಕೂರುವ ಜಾಗದಲ್ಲಿ ಒಂದು ಮಣೆ ಬಂದಿತ್ತು. ಮೇಲೆ ಅವಳ ಹಳೆಯ ಸೀರೆಯ ನಾಲ್ಕು ಮಡಿಕೆ. ಅಪ್ಪ ಪೂಜೆಗೆ ಕೂರುತ್ತಿದ್ದ ಮಣೆ. ನಾನು ಕೇಳಿದಾಗ "ನೆಲ ತಣ್ಣಗಿರತ್ತೆ, ಕಾಲು ಮುರಿದಿತ್ತಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು. ಗಂಟೆಯ ಸದ್ದು ಮಾತ್ರ ಕೊನೆಯವರೆಗೂ ಜೋರಾಗಿಯೇ ಇತ್ತು.

ಚಿತ್ರ ಮುಗಿದಾಗ ತಮ್ಮನ ಮಗಳು "ಹೇಗಿತ್ತು ಅಪ್ಪ?" ಎಂದು ಕೇಳಿದಳು. ಅವನು ಕನ್ನಡಕ ಒರೆಸುತ್ತ, "ಚೆನ್ನಾಗಿತ್ತು ಕಣೆ. ಆದರೆ ಇವನು ದಿನಾ ಬೆಳಿಗ್ಗೆ ಎಷ್ಟು ಹೊತ್ತು ಕೂರ್ತಾನೆ ಅಂತ ತೋರಿಸಲೇ ಇಲ್ವಲ್ಲ" ಎಂದ.

ಮೂವತ್ತು ವರ್ಷಗಳಲ್ಲಿ ನಾನು ಕೇಳದೇ ಇದ್ದದ್ದು ಆಗ ಬಾಯಿಗೆ ಬಂತು.

"ನೀನೆಷ್ಟು ಹೊತ್ತು ಕೂರ್ತೀಯೋ?"

"ಬೆಳಿಗ್ಗೆ ಒಂದು ಗಂಟೆ, ಸಾಯಂಕಾಲ ಒಂದು ಗಂಟೆ. ಯಾಕಕ್ಕ?"

"ಸುಮ್ಮನೆ ಕೇಳಿದೆ" ಎಂದೆ. ಗಡಿಯಾರ ಆರು ಮುಕ್ಕಾಲು ತೋರಿಸುತ್ತಿತ್ತು. ಅವನು ಎದ್ದು ಮಣೆಯ ಕಡೆ ಹೋದ. ನಾನು ಟಿ.ವಿ.ಯ ದನಿ ತಗ್ಗಿಸಿದೆ.